ಕಲ್ಲಿನ ಗೆರೆಯೂ ಕಲ್ಲಿನ ಗೋಡೆಯೂ

ಇಂಡಿಯಿಂದ ಉತ್ತರಕ್ಕೆ ಹೋಗಿ ಭೀಮಾ ನದಿಯನ್ನು ದಾಟಿದರೆ ಸೊಲ್ಲಾಪುರ ಜಿಲ್ಲೆ. ಆ ಜಿಲ್ಲೆಯ ಬೋರಾಮಣಿಯ ಹುಲ್ಲುಗಾವಲಿನಲ್ಲಿ ಚಿಕ್ಕ ಚಿಕ್ಕ ಕಲ್ಲುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ ಮಾಡಿದ ವರ್ತುಲಾಕಾರದ ಒಂದು ರಚನೆ ಇರುವ ಸಂಗತಿ 2025ರ ಡಿಸೆಂಬರ್‌ನಲ್ಲಿ ಪತ್ರಿಕೆಗಳ ಮೂಲಕ ಹೊರಗೆ ತಿಳಿಯಿತು. ವನ್ಯಜೀವಿಗಳನ್ನು ಗಮನಿಸಲು ಅಲ್ಲಿ ತಿರುಗಾಡುತ್ತಿದ್ದ ಪರಿಸರಾಸಕ್ತರ ಕಣ್ಣಿಗೆ ಅದು ಬಿದ್ದಿತು. ಸುಮಾರು 50 ಅಡಿ ಅಗಲ, ಒಂದರೊಳಗೊಂದು 15 ಸುತ್ತುಗಳು. ಅದು ಎರಡು ಸಾವಿರ ವರ್ಷಗಳಷ್ಟು ಹಳೆಯದಿರಬಹುದು, ದಖ್ಖನಿನ ಪ್ರಾಚೀನ ವ್ಯಾಪಾರಮಾರ್ಗಗಳಿಗೆ ಸಂಬಂಧಿಸಿದ್ದಿರಬಹುದು ಎಂಬುದು ಸಂಶೋಧಕರ ಅಭಿಪ್ರಾಯ. ಅಲ್ಲಿ ಕುರಿ ಮೇಯಿಸುವವರು ಎಷ್ಟೋ ತಲೆಮಾರುಗಳಿಂದ ಅದರ ಪಕ್ಕದಲ್ಲೇ ಹಾದುಹೋಗಿರಬೇಕು. ಅವರಿಗೆ ಅದು ಸುದ್ದಿಯಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ಇಂಥ ರಚನೆಗೆ ಇಂಗ್ಲಿಷಿನಲ್ಲಿ ‘ಲ್ಯಾಬಿರಿಂತ್’ ಎಂಬ ಹೆಸರಿದೆ. ನಮ್ಮಲ್ಲಿ ಚಕ್ರವ್ಯೂಹ ಎನ್ನುವುದು ರೂಢಿ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಮೇಲೆ 12ನೇ ಶತಮಾನದ ಶಿಲ್ಪಿಗಳು ಅಭಿಮನ್ಯುವಿನ ಯುದ್ಧವನ್ನು ಕಡೆದಾಗ ದ್ರೋಣರ ವ್ಯೂಹವನ್ನು ಇದೇ ಆಕೃತಿಯಲ್ಲಿ ಕೊರೆದರು. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಅಭಿಮನ್ಯುವಿಗೆ ಒಳಹೋಗುವ ದಾರಿ ತಿಳಿದಿತ್ತು, ಹೊರಬರುವ ದಾರಿ ತಿಳಿದಿರಲಿಲ್ಲ. ಈ ಆಕೃತಿಯಲ್ಲಾದರೋ ದಾರಿ ತಪ್ಪಲು ಅವಕಾಶವೇ ಇಲ್ಲ. ಕವಲುಗಳಿಲ್ಲ, ಮೋಸದ ತಿರುವುಗಳಿಲ್ಲ. ಇರುವುದು ಒಂದೇ ಹಾದಿ. ಅದು ಬಳಸಿ ಬಳಸಿ ನಡುವಿಗೆ ಕರೆದೊಯ್ಯುತ್ತದೆ, ಬಂದ ಹಾದಿಯಲ್ಲೇ ಹಿಂದಿರುಗಿದರೆ ಬಾಗಿಲಿಗೆ ಬಿಡುತ್ತದೆ. ಗ್ರೀಕರ ಪುರಾಣದಲ್ಲೂ ಇದೇ ಗೊಂದಲವಿದೆ. ಕ್ರೀಟ್ ದ್ವೀಪದ ಗೂಢಮಂದಿರದಿಂದ ಹೊರಬರಲು ವೀರನಿಗೆ ನೂಲಿನ ಉಂಡೆ ಬೇಕಾಯಿತು. ಅದೇ ದ್ವೀಪದ ಕ್ನೋಸೊಸ್ ನಗರದ ನಾಣ್ಯಗಳ ಮೇಲೆ ಅಚ್ಚಾದ ಚಿತ್ರದಲ್ಲಿ ನೂಲಿನ ಅಗತ್ಯವೇ ಇಲ್ಲ. ಕಥೆ ಕಟ್ಟಿದವರು ದಾರಿ ತಪ್ಪುವ ಭಯವನ್ನು ಹೇಳಿದರು, ಚಿತ್ರ ಬರೆದವರು ದಾರಿ ತಪ್ಪದ ಭರವಸೆಯನ್ನು ಬರೆದರು. ಚಕ್ರವ್ಯೂಹವೆಂಬ ಹೆಸರಿನಲ್ಲಿ ಯುದ್ಧದ ನೆನಪು ಅಂಟಿಕೊಂಡಿರುವುದರಿಂದ ಈ ಲೇಖನದಲ್ಲಿ ಇದನ್ನು ಸುತ್ತುಹಾದಿ ಎಂದು ಕರೆಯೋಣ.

ಕ್ರೈಸ್ತ ಧರ್ಮಸಭೆ ಈ ಆಕೃತಿಯನ್ನು ಬಹು ಹಿಂದೆಯೇ ತನ್ನದಾಗಿಸಿಕೊಂಡಿತು. ಇಂದಿನ ಅಲ್ಜೀರಿಯ ದೇಶದಲ್ಲಿದ್ದ 4ನೇ ಶತಮಾನದ ಒಂದು ದೇವಾಲಯದ ನೆಲಹಾಸಿನಲ್ಲಿ ಸುತ್ತುಹಾದಿಯಿತ್ತು. ಅದರ ನಡುಭಾಗದಲ್ಲಿ ‘ಪವಿತ್ರ ಧರ್ಮಸಭೆ’ ಎಂಬ ಅರ್ಥದ ಲ್ಯಾಟಿನ್ ಪದಗಳ ಅಕ್ಷರಗಳನ್ನು ಹೆಣೆಯಲಾಗಿತ್ತು. ಫ್ರಾನ್ಸಿನ ಶಾರ್ತ್ರ್ ಮಹಾದೇವಾಲಯದ ನೆಲದಲ್ಲಿ 13ನೇ ಶತಮಾನದ ಆರಂಭದಲ್ಲಿ ಹಾಸಿದ ಸುತ್ತುಹಾದಿ ಇಂದಿಗೂ ಉಳಿದಿದೆ. ಒಸೇರ್ ಎಂಬ ಊರಿನ ಮಹಾದೇವಾಲಯದಲ್ಲಿ ಪಾಸ್ಖ ಹಬ್ಬದ ದಿನ ಗುರುಗಳೇ ಸುತ್ತುಹಾದಿಯ ಮೇಲೆ ಕೈಕೈ ಹಿಡಿದು ಹಾಡುತ್ತ ಕುಣಿಯುತ್ತಿದ್ದರು, ಒಬ್ಬರಿಗೊಬ್ಬರು ಚೆಂಡನ್ನು ಎಸೆಯುತ್ತಿದ್ದರು. 1538ರಲ್ಲಿ ಅದನ್ನು ನಿಲ್ಲಿಸಲಾಯಿತು. (ಚೆಂಡಾಡುವ ಗುರುಗಳನ್ನು ಕಂಡರೆ ನಮ್ಮ ಧರ್ಮಕೇಂದ್ರದ ಹಿರಿಯರು ಏನೆನ್ನುವರೋ!) ರೇಮ್ಸ್ ಮಹಾದೇವಾಲಯದ ಸುತ್ತುಹಾದಿಯನ್ನು 18ನೇ ಶತಮಾನದಲ್ಲಿ ಕಿತ್ತುಹಾಕಿದರು. ಜೆರುಸಲೇಮಿಗೆ ಯಾತ್ರೆ ಹೋಗಲಾರದವರು ಅದಕ್ಕೆ ಬದಲಾಗಿ ಇವುಗಳ ಮೇಲೆ ಮೊಣಕಾಲೂರಿ ಸಾಗುತ್ತಿದ್ದರೆಂಬ ಮಾತನ್ನು ಅನೇಕ ಪುಸ್ತಕಗಳಲ್ಲಿ ಓದುತ್ತೇವೆ. ಮಧ್ಯಯುಗದ ದಾಖಲೆಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ನಂಬಲು ಹಿತವಾಗಿದೆ ಎಂಬ ಕಾರಣಕ್ಕೆ ಅದನ್ನು ಇತಿಹಾಸವೆಂದು ಬೋಧಿಸಬಾರದು. ಹಾಗೆ ನಿಜವಾಗಿ ಜೆರುಸಲೇಮನ್ನು ಊರೂರಿಗೆ ತಂದುಕೊಟ್ಟದ್ದು ನಮ್ಮ ಶಿಲುಬೆಯ ಹಾದಿ. 1731ರಲ್ಲಿ ಪೋಪ್ 12ನೇ ಕ್ಲೆಮೆಂಟರು ಅದರ ಸ್ಥಳಗಳನ್ನು ಹದಿನಾಲ್ಕೆಂದು ನಿಗದಿಪಡಿಸಿದರು. ತಪಸ್ಸುಕಾಲದ ಶುಕ್ರವಾರಗಳಲ್ಲಿ ನಾವೆಲ್ಲರೂ ಆ ಹಾದಿಯನ್ನು ನಡೆದವರೇ.

ಶಾರ್ತ್ರ್‌ನ ಸುತ್ತುಹಾದಿಯ ಲೆಕ್ಕವನ್ನು ಒಮ್ಮೆ ನೋಡಿ. ಅಗಲ ಸುಮಾರು 13 ಮೀಟರ್. ಬಾಗಿಲಿನಿಂದ ನೇರವಾಗಿ ನಡೆದರೆ ನಡುಭಾಗ ಆರೂವರೆ ಮೀಟರ್ ದೂರ, ಎಂಟೋ ಹತ್ತೋ ಹೆಜ್ಜೆ. ಆದರೆ ಹಾದಿಯನ್ನು ಹಿಡಿದು ನಡೆದರೆ ಸುಮಾರು 260 ಮೀಟರ್. ಅಂದರೆ ನಲವತ್ತು ಪಟ್ಟು. ಇಸ್ರಯೇಲರು ಹೋರೇಬ್ ಬೆಟ್ಟದಿಂದ ಕಾದೇಶ್ ಬರ್ನೇಯಕ್ಕೆ ಬರಲು ಹನ್ನೊಂದು ದಿನದ ಪ್ರಯಾಣ ಸಾಕಾಗಿತ್ತೆಂದು ಧರ್ಮೋಪದೇಶಕಾಂಡದ ಆರಂಭದಲ್ಲಿದೆ. ವಾಗ್ದತ್ತ ನಾಡನ್ನು ಸೇರಲು ಅವರಿಗೆ ಹಿಡಿದದ್ದು ನಲವತ್ತು ವರ್ಷ. ಎರಡೂ ಕಡೆ ನಲವತ್ತು ಬಂದದ್ದು ಕಾಕತಾಳೀಯವಷ್ಟೆ, ಅದರ ಮೇಲೆ ಪ್ರವಚನ ಕಟ್ಟುವುದು ಬೇಡ. ಆದರೆ ಹತ್ತಿರದ ದಾರಿ ಕಣ್ಣೆದುರಿಗೇ ಇದ್ದರೂ ದೇವರು ಜನರನ್ನು ಫಿಲಿಷ್ಟಿಯರ ನಾಡಿನ ಆ ದಾರಿಯಿಂದ ಕರೆದೊಯ್ಯಲಿಲ್ಲವೆಂದು ವಿಮೋಚನಾಕಾಂಡ ಹೇಳುವುದನ್ನು ಮರೆಯಲಾಗದು. ದೂರವೆಂಬುದು ಕೆಲವೊಮ್ಮೆ ಪ್ರಯಾಣಿಕನನ್ನು ಸಿದ್ಧಗೊಳಿಸುವ ಕೆಲಸ ಮಾಡುತ್ತದೆ.

ನಡೆಯುವವನ ಅನುಭವ ಹೇಗಿರುತ್ತದೆ? ಲೋಕದ ನಾನಾ ಭಾಗಗಳಲ್ಲಿ ಕಾಣಸಿಗುವ ಏಳು ಸುತ್ತಿನ ಹಾದಿಯನ್ನೇ ತೆಗೆದುಕೊಳ್ಳೋಣ. ಹೊರಗಿನಿಂದ ಎಣಿಸಿದರೆ ಅದು ಮೊದಲು ನಮ್ಮನ್ನು ಮೂರನೆಯ ಸುತ್ತಿಗೆ ಒಯ್ಯುತ್ತದೆ. ಒಳಗೆ ಹೋಗುತ್ತಿದ್ದೇವೆಂದುಕೊಳ್ಳುವಾಗ ಎರಡನೆಯದಕ್ಕೆ, ಬಳಿಕ ಒಂದನೆಯದಕ್ಕೆ, ಎಂದರೆ ತೀರ ಹೊರಗಿನ ಅಂಚಿಗೆ ತಳ್ಳುತ್ತದೆ. ಅಲ್ಲಿಂದ ನಾಲ್ಕನೆಯದು. ಆಮೇಲೆ ಇದ್ದಕ್ಕಿದ್ದಂತೆ ಏಳನೆಯದು. ಕೈ ಚಾಚಿದರೆ ನಡುಭಾಗ ಸಿಕ್ಕೀತು ಎನ್ನುವಷ್ಟು ಹತ್ತಿರ. ಇನ್ನೇನು ತಲುಪಿದೆ ಎನ್ನುವಷ್ಟರಲ್ಲಿ ಹಾದಿ ಬೆನ್ನು ತಿರುಗಿಸಿ ಆರಕ್ಕೆ, ಐದಕ್ಕೆ ದೂರ ಸರಿಸುತ್ತದೆ. ಹಾಗೆ ದೂರ ಸರಿಯುತ್ತಿರುವಾಗಲೇ, ನಿರೀಕ್ಷೆ ಬಿಟ್ಟ ತಿರುವಿನಲ್ಲಿ, ನಡು ತೆರೆದುಕೊಳ್ಳುತ್ತದೆ. ಮುಂದೇನೆಂದು ಯೋಚಿಸುವ ಕೆಲಸವಿಲ್ಲದ್ದರಿಂದ ಮನಸ್ಸು ಮೊದಲು ಚಡಪಡಿಸುತ್ತದೆ, ಆಮೇಲೆ ಉಸಿರಿಗೂ ಹೆಜ್ಜೆಗೂ ಹೊಂದಿಕೊಳ್ಳುತ್ತದೆ. ಜಪಸರದ ಮಣಿಗಳು ಬೆರಳಿಗೆ ಮಾಡುವುದನ್ನೇ ಇದು ಪಾದಗಳಿಗೆ ಮಾಡುತ್ತದೆ. 1991ರಲ್ಲಿ ಅಮೆರಿಕದ ಎಪಿಸ್ಕೋಪಲ್ ಸಭೆಯ ಗುರು ಲಾರೆನ್ ಆರ್ಟ್ರೆಸ್ ಎಂಬವರು ಶಾರ್ತ್ರ್‌ನ ಹಾದಿಯನ್ನು ನಡೆದು ಬಂದು, ಸಾನ್ ಫ್ರಾನ್ಸಿಸ್ಕೋದ ಮಹಾದೇವಾಲಯದಲ್ಲಿ ಅದರ ಮಾದರಿಯನ್ನು ಬಟ್ಟೆಯ ಮೇಲೆ ಬರೆಸಿ ಜನರಿಗೆ ತೆರೆದರು. ಅಂದಿನಿಂದ ಆಸ್ಪತ್ರೆ, ಧ್ಯಾನಕೇಂದ್ರ, ಸೆರೆಮನೆಗಳ ಅಂಗಳಗಳಿಗೂ ಈ ಅಭ್ಯಾಸ ಹರಡಿತು.

ಇದನ್ನು ಹೊರನಾಡಿನ ಹೊಸ ಹುಚ್ಚೆಂದು ತಳ್ಳಿಹಾಕಲು ನಮ್ಮ ಸೀಮೆಯವರಿಗೆ ಸಾಧ್ಯವಿಲ್ಲ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಹೊರಟ ಪಾದಯಾತ್ರಿಕರನ್ನು, ಅವರಲ್ಲಿ ಮರಗಾಲು ಕಟ್ಟಿಕೊಂಡು ನಡೆಯುವವರನ್ನು, ಸುಡುವ ಬಿಸಿಲಿನಲ್ಲಿ ದಾರಿಗಡ್ಡ ಬಂದು ಮಜ್ಜಿಗೆ ನೀಡುವ ತಾಯಂದಿರನ್ನು ಮುದ್ದೇಬಿಹಾಳದವರಿಗೆ ನಾನು ವರ್ಣಿಸಬೇಕೆ? ಆಷಾಢದಲ್ಲಿ ಪಂಢರಪುರಕ್ಕೆ ಹೊರಡುವವರನ್ನು ಇಂಡಿಯವರು ಬಲ್ಲರು. ನಡಿಗೆ ಪ್ರಾರ್ಥನೆಯಾಗಬಲ್ಲದು ಎಂಬುದು ಇಲ್ಲಿ ಯಾರಿಗೂ ಹೊಸ ಮಾತಲ್ಲ. ಭೀಮೆಯ ಈಚೆ ದಡದ ಹಲಸಂಗಿಯಲ್ಲಿ ಬಾಳಿದ ಕವಿ ಮಧುರಚೆನ್ನರು (1903–1953) ತಮ್ಮ ಆಧ್ಯಾತ್ಮಿಕ ಹುಡುಕಾಟವನ್ನು ಬರೆದಿಟ್ಟಾಗ ಅದರ ಭಾಗಗಳಿಗೆ ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂದು ಹೆಸರಿಟ್ಟರು. ಬೆಳಗಿಗೆ ಮುಂಚೆ ಕಾಳರಾತ್ರಿ, ನಡುವಿಗೆ ಮುಂಚೆ ದೂರ ಸರಿಸುವ ತಿರುವು: ಎರಡರಲ್ಲೂ ಒಂದೇ ಅರಿವಿದೆ.

ಇವೆಲ್ಲಕ್ಕಿಂತ ಹತ್ತಿರದ ಹೋಲಿಕೆ ಹಂತಿಯದು. ರಾಶಿ ಯಂತ್ರಗಳು ಬರುವ ಮುಂಚೆ ಸಿಂದಗಿ, ಬಾಗೇವಾಡಿ ಕಡೆಯ ಕಣಗಳಲ್ಲಿ ಮೇಟಿಗೆ ಎತ್ತುಗಳನ್ನು ಸಾಲಾಗಿ ಕಟ್ಟಿ ಜೋಳದ ತೆನೆಯನ್ನು ತುಳಿಸುತ್ತಿದ್ದರು. ಎತ್ತುಗಳ ಹಿಂದೆ ನಡೆಯುವವನು ರಾತ್ರಿಯಿಡೀ ಹಂತಿಯ ಹಾಡು ಹಾಡುತ್ತಿದ್ದ. ನಡುವೆ ಮೇಟಿ, ಸುತ್ತ ಒಂದೇ ವರ್ತುಲ, ಎಲ್ಲಿಗೂ ಹೋಗದ ನಡಿಗೆ. ಆದರೂ ಬೆಳಗಾಗುವಷ್ಟರಲ್ಲಿ ಕಾಳು ಬೇರೆ, ಹೊಟ್ಟು ಬೇರೆ. ಸುತ್ತುಹಾದಿಯ ಧ್ಯಾನಕ್ಕೆ ಇದಕ್ಕಿಂತ ಒಳ್ಳೆಯ ರೂಪಕವನ್ನು ನಾನು ಕಾಣೆ. ಸಂತ ಥಾಮಸ್ ಅಕ್ವಿನಾಸರು ತಮಗಿಂತ ಹಿಂದಿನ ದಿಯೊನೀಸಿಯನೆಂಬ ಲೇಖಕನನ್ನು ಅನುಸರಿಸಿ, ಧ್ಯಾನದಲ್ಲಿ ಆತ್ಮಕ್ಕೆ ಮೂರು ಬಗೆಯ ಚಲನೆಗಳುಂಟೆಂದು ವಿವರಿಸುತ್ತಾರೆ: ನೇರ, ವರ್ತುಲ, ಇವೆರಡೂ ಕೂಡಿದ ಓರೆ. ಹೊರಗಿನ ವಸ್ತುಗಳಿಂದ ದೇವರೆಡೆಗೆ ಏರುವುದು ನೇರ ಚಲನೆ. ಚದುರಿದ್ದೆಲ್ಲವನ್ನೂ ಒಳಕ್ಕೆ ಸೆಳೆದು ಒಂದೇ ಸತ್ಯದ ಸುತ್ತ ಸ್ಥಿರವಾಗಿ ಸುಳಿಯುವುದು ವರ್ತುಲ ಚಲನೆ. ಹಂತಿ ಹೊಡೆಯುವ ರೈತನಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬಿದ್ದಿರಲಾರದು.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅದನ್ನು ಜಾಣತನದಿಂದ ದಾಟಿಹೋಗಲಾಗದು. ಅದೇ ಕಣದಲ್ಲಿ, ಅದೇ ವರ್ತುಲದಲ್ಲಿ, ಅದೇ ರಾತ್ರಿ ಎತ್ತೂ ಸುತ್ತುತ್ತಿತ್ತು. ಅದರ ಸುತ್ತುವಿಕೆಯನ್ನು ಯಾರೂ ಧ್ಯಾನವೆನ್ನರು, ಏಕೆಂದರೆ ಅದರ ಕೊರಳಲ್ಲಿ ಹಗ್ಗವಿದೆ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸುವಾಗ ಆ ಮೂಕಪ್ರಾಣಿಯ ಬಗೆಗಿನ ನ್ಯಾಯವೇ ಅಲ್ಲಿ ಮಾತಾಡುತ್ತದೆ. ಹಾಗಾದರೆ ಮನುಷ್ಯ? ಕವಲುಗಳೇ ಇಲ್ಲದ ಒಂದೇ ಹಾದಿಯಲ್ಲಿ ನಡೆಯುವವನು ಸ್ವತಂತ್ರನೇ? ಆಯ್ಕೆಯಿದ್ದಲ್ಲಿ ಮಾತ್ರ ಸ್ವಾತಂತ್ರ್ಯವೆಂದು ನಮ್ಮ ಕಾಲ ನಂಬುತ್ತದೆ. ಆ ಲೆಕ್ಕದಲ್ಲಿ ಸುತ್ತುಹಾದಿ ದಾಸ್ಯದ ಚಿತ್ರವಾಗಬೇಕು. ಹೀಗಿದ್ದೂ ಅದನ್ನು ನಡೆದವರು ಹಗುರಾಗಿ ಹೊರಬರುತ್ತಾರೆ.

ಉತ್ತರವು ನೆಲದ ಮೇಲೆಯೇ ಇದೆ. ಬೋರಾಮಣಿಯ ಕಲ್ಲುಗಳು ಮೇಲೆದ್ದು ನಿಂತ ಗೋಡೆಗಳಲ್ಲ. ಹುಲ್ಲು ಬೆಳೆದರೆ ಕಣ್ಣಿಗೂ ಕಾಣದಷ್ಟು ಗಿಡ್ಡ. ಶಾರ್ತ್ರ್‌ನಲ್ಲಿ ಅಷ್ಟೂ ಇಲ್ಲ, ಎರಡು ಬಣ್ಣದ ಕಲ್ಲಿನ ಗೆರೆ ಮಾತ್ರ. ಯಾವ ಕ್ಷಣದಲ್ಲಾದರೂ ಕಾಲೆತ್ತಿ ದಾಟಬಹುದು, ನೇರ ನಡುವಿಗೆ ನಡೆಯಬಹುದು, ಬೇಸರವಾದರೆ ಹೊರಬಂದು ಮನೆಗೆ ಹೋಗಬಹುದು. ಯಾರೂ ತಡೆಯುವುದಿಲ್ಲ. ಆದ್ದರಿಂದ ಅಲ್ಲಿ ಇಡುವ ಪ್ರತಿಯೊಂದು ಹೆಜ್ಜೆಯೂ ಮೌನವಾದ ಒಂದು ಒಪ್ಪಿಗೆ. ಎಡಕ್ಕೋ ಬಲಕ್ಕೋ ಎಂಬ ಆಯ್ಕೆ ಅಲ್ಲಿಲ್ಲ. ಇರುವೆನೋ ಬಿಡುವೆನೋ ಎಂಬ ಆಯ್ಕೆ ಹೆಜ್ಜೆಹೆಜ್ಜೆಗೂ ಇದೆ. ವಿವಾಹದ ಮಾತು ಕೊಟ್ಟವರೂ ಗುರುದೀಕ್ಷೆಯ ಮಾತು ಕೊಟ್ಟವರೂ ಈ ಎರಡನೆಯ ಬಗೆಯ ಸ್ವಾತಂತ್ರ್ಯದಲ್ಲಿ ಬದುಕುತ್ತಾರೆ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆಗೆ ದಿನವೂ ಗೆರೆ ದಾಟುವ ಸಂದರ್ಭ ಬರುತ್ತದೆ. ಬೆಳಿಗ್ಗೆ ಎದ್ದು ಅವಳು ಮತ್ತೆ ಗಂಜಿ ಕಾಯಿಸುತ್ತಾಳೆಂದರೆ ಅದನ್ನು ಅಭ್ಯಾಸವೆಂದು ಕರೆದು ಕಿರಿದಾಗಿಸಬಾರದು. ನಿಷ್ಠೆಯನ್ನು ನಾವು ಬಹುಮಟ್ಟಿಗೆ ಕಾಣದೇ ಹೋಗುತ್ತೇವೆ. ಅದು ದೂರದಿಂದ ನೋಡುವವರಿಗೆ ಸುಮ್ಮನೆ ಸುತ್ತುತ್ತಿರುವಂತೆಯೇ ತೋರುತ್ತದೆ.

ಈಗ ಈ ಮಾತಿನ ಮತ್ತೊಂದು ಮಗ್ಗುಲು. ಗೆರೆಯನ್ನು ಗೋಡೆಯೆತ್ತರಕ್ಕೆ ಕಟ್ಟಿದರೆ ಆಕೃತಿ ಅದೇ ಉಳಿಯುತ್ತದೆ, ಆದರೆ ಅದು ಸುತ್ತುಹಾದಿಯಾಗಿ ಉಳಿಯದೆ ಸೆರೆಮನೆಯಾಗುತ್ತದೆ. ಆಗ ಒಳಗಿರುವವರಿಗೆ ‘ಹಾದಿಯನ್ನು ನಂಬು, ಕೊನೆಗೆ ನಡು ಸಿಗುತ್ತದೆ’ ಎಂದು ಹೊರಗಿನಿಂದ ಹೇಳುವುದು ಸಾಂತ್ವನವಾಗದು, ವಂಚನೆಯಾದೀತು. ಧಾರ್ಮಿಕರಾದ ನಾವು ಬೀಳುವ ಅಪಾಯವಿರುವುದು ಇಲ್ಲಿಯೇ. ಹೊಡೆಸಿಕೊಂಡು ತವರಿಗೆ ಓಡಿಬಂದ ಮಗಳಿಗೆ ‘ಹೊಂದಿಕೊಂಡು ಹೋಗು, ಅದು ನಿನ್ನ ಶಿಲುಬೆ’ ಎನ್ನುವ ಹಿರಿಯರಿದ್ದಾರೆ. ಅವರು ದೈವಭಕ್ತರೇ, ಆದರೆ ಯಾವುದು ಶಿಲುಬೆ, ಯಾವುದು ದೊಣ್ಣೆ ಎಂಬುದನ್ನು ನೋಡದೆ ಮಾತಾಡುತ್ತಿದ್ದಾರೆ. ಸಂಗಾತಿಯಿಂದ ದೇಹಕ್ಕಾಗಲಿ ಆತ್ಮಕ್ಕಾಗಲಿ ಘೋರ ಅಪಾಯವಿದ್ದಲ್ಲಿ ಬೇರೆ ಇರುವುದಕ್ಕೆ ನ್ಯಾಯವಾದ ಕಾರಣವಿದೆಯೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1153ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ವಿವಾಹ ಪೂರ್ವಸಿದ್ಧತೆಯ ತರಗತಿಗಳಲ್ಲಿ ಈ ವಿಧಿಯನ್ನೂ ಓದಿ ಹೇಳಬೇಕೆಂದು ನನ್ನ ಅಭಿಪ್ರಾಯ. ದೇಶದ ಕಾನೂನು 2005ರಲ್ಲಿ ಮನೆಯೊಳಗಿನ ಹಿಂಸೆಯಿಂದ ಹೆಣ್ಣುಮಕ್ಕಳಿಗೆ ರಕ್ಷಣೆ ನೀಡಿತು. ಅದಕ್ಕೂ ಮುಂಚೆ, 1976ರಲ್ಲಿ, ಸಾಲದ ಹೆಸರಿನಲ್ಲಿ ಜೀತಕ್ಕೆ ಇಡುವುದನ್ನು ಅದು ನಿಷೇಧಿಸಿತ್ತು. ದೇವರ ಹೆಸರಿನಲ್ಲಿ ಬಾಲೆಯರನ್ನು ದೇವದಾಸಿಯರಾಗಿ ಬಿಡುವುದನ್ನು ತಡೆಯುವ ಕಾಯಿದೆಯನ್ನು ಕರ್ನಾಟಕ 1982ರಲ್ಲಿ ರೂಪಿಸಿತು. ಅವರಲ್ಲಿ ಪ್ರತಿಯೊಬ್ಬರಿಗೂ ಯಾರೋ ಒಬ್ಬರು ‘ಇದೇ ನಿನ್ನ ಹಾದಿ’ ಎಂದು ಹೇಳಿರಲೇಬೇಕು.

ಶಿಲುಬೆಯ ಸಂತ ಯೊವಾನ್ನರ ಜೀವನ ಇಲ್ಲಿ ನಮಗೆ ಬೆಳಕು ನೀಡುತ್ತದೆ. ಆತ್ಮದ ಕಾರಿರುಳನ್ನು, ದೇವರು ಕೈಬಿಟ್ಟಂತೆ ತೋರುವ ತಿರುವುಗಳನ್ನು ಅವರಷ್ಟು ಆಳವಾಗಿ ಬರೆದವರು ವಿರಳ. ಕಾರ್ಮೆಲ್ ಸಭೆಯ ಸುಧಾರಣೆಯನ್ನು ವಿರೋಧಿಸಿದ ಸ್ವಂತ ಸಹೋದರ ಸನ್ಯಾಸಿಗಳೇ 1577ರ ಡಿಸೆಂಬರ್‌ನಲ್ಲಿ ಅವರನ್ನು ಹಿಡಿದು, ಟೊಲೆಡೊ ನಗರದ ಮಠದಲ್ಲಿ ಬೆಳಕು ಬಾರದ ಇಕ್ಕಟ್ಟಿನ ಕೋಣೆಯಲ್ಲಿ ಕೂಡಿಹಾಕಿದರು, ಛಡಿಯೇಟು ಕೊಟ್ಟರು. ಒಂಬತ್ತು ತಿಂಗಳ ಆ ಕತ್ತಲಿನಲ್ಲಿ ಅವರು ಶ್ರೇಷ್ಠ ಕವಿತೆಗಳನ್ನು ರಚಿಸಿದರು. ‘ಇದು ದೇವರ ಚಿತ್ತ’ ಎಂದು ಸುಮ್ಮನೆ ಕುಳಿತುಬಿಡಲು ಅವರಿಗಿಂತ ಹೆಚ್ಚಿನ ಅಧಿಕಾರ ಯಾರಿಗಿತ್ತು? ಆದರೆ 1578ರ ಆಗಸ್ಟ್ ತಿಂಗಳ ಒಂದು ರಾತ್ರಿ ಅವರು ಹೊದಿಕೆಯನ್ನು ಹರಿದು ಹಗ್ಗ ಮಾಡಿ, ಕಿಟಕಿಯಿಂದ ಇಳಿದು ತಪ್ಪಿಸಿಕೊಂಡರು. ಕಾರ್ಮೆಲ್ ಸಭೆಯನ್ನು ಮಾತ್ರ ಅವರು ಬಿಡಲಿಲ್ಲ. ಬದುಕಿನ ಕೊನೆಯಲ್ಲಿ ಹುದ್ದೆಗಳನ್ನು ಕಿತ್ತುಕೊಂಡಾಗ ಅದಕ್ಕೂ ಮಣಿದು, 1591ರಲ್ಲಿ ಉಬೇದ ಎಂಬ ಊರಿನಲ್ಲಿ ಕಣ್ಮುಚ್ಚಿದರು. ಗೋಡೆಯನ್ನು ಇಳಿದವರೂ ಗೆರೆಯೊಳಗೆ ಉಳಿದವರೂ ಒಬ್ಬರೇ.

ನಮ್ಮ ನಾಡಿನಲ್ಲೇ ಇದಕ್ಕೆ ಇನ್ನೂ ಹಳೆಯ ಸಾಕ್ಷಿಯಿದೆ. ತನಗಾಗಿ ಸಿದ್ಧವಾಗಿದ್ದ ಉಪನಯನದ ಹಾದಿಯನ್ನು ಒಲ್ಲದೆ ಬಾಗೇವಾಡಿಯನ್ನು ಬಿಟ್ಟು ಕೂಡಲಸಂಗಮಕ್ಕೆ ಹೊರಟ ಬಾಲಕ ಬಸವಣ್ಣನ ಕಥೆಯನ್ನು ಕೇಳದ ಮನೆ ಈ ನಾಲ್ಕು ತಾಲ್ಲೂಕುಗಳಲ್ಲಿ ಇದ್ದೀತೆ? ಕುಲದ ಹೆಸರಿನಲ್ಲಿ ಕೆಲವರನ್ನು ಹೊರಗಿಡುವ ಗೋಡೆಯನ್ನು ಪವಿತ್ರ ಗೆರೆಯೆಂದು ಒಪ್ಪಲು ಅವರು ಸಿದ್ಧರಿರಲಿಲ್ಲ.

‘ಹೀಗೆ ಹೇಳಿದರೆ ಪ್ರತಿಯೊಬ್ಬನೂ ತನ್ನ ಕಷ್ಟವನ್ನೇ ಗೋಡೆಯೆನ್ನುತ್ತಾನೆ, ಯಾವ ಸಂಸಾರ ಉಳಿದೀತು?’ ಎಂದು ಕೆಲವರು ಕೇಳಬಹುದು. ನ್ಯಾಯವಾದ ಆತಂಕ. ಅಳತೆಗೋಲು ಸುಲಭವಾಗಿ ಕೈಗೆ ಸಿಗುವಂಥದ್ದಲ್ಲ. ಆದರೂ ಒಂದು ಗುರುತನ್ನು ಹೇಳಬಲ್ಲೆ: ‘ನಡೆ’ ಎನ್ನುವವನು ತಾನೂ ಜೊತೆಗೆ ನಡೆಯುತ್ತಿದ್ದಾನೆಯೇ ಎಂದು ನೋಡಬೇಕು. ಎಮ್ಮಾವು ಎಂಬ ಊರಿಗೆ ಹೊರಟ ಇಬ್ಬರು ಶಿಷ್ಯರು ಜೆರುಸಲೇಮಿಗೆ ಬೆನ್ನು ಹಾಕಿ ಹೋಗುತ್ತಿದ್ದರು. ನಡುವಿನಿಂದ ದೂರ ಸರಿಯುವ ಸುತ್ತು ಅದು. ಪ್ರಭು ಯೇಸು ಅವರನ್ನು ಅಡ್ಡಗಟ್ಟಲಿಲ್ಲ, ದೂರದಲ್ಲಿ ನಿಂತು ಉಪದೇಶಿಸಲೂ ಇಲ್ಲ. ಹನ್ನೊಂದು ಕಿಲೋಮೀಟರಿನಷ್ಟು ದಾರಿಯಲ್ಲಿ ಅವರೊಡನೆ ಹೆಜ್ಜೆ ಹಾಕಿದರು, ಮೊದಲು ಅವರ ದುಃಖವನ್ನು ಕೇಳಿದರು. ರೊಟ್ಟಿ ಮುರಿದ ಮೇಲೆ ಆ ಇಬ್ಬರೂ ತಾವಾಗಿಯೇ ಹಿಂದಿರುಗಿದರು. ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುವ ಕುಟುಂಬಕ್ಕೆ ತಾಳ್ಮೆಯ ಪ್ರವಚನ ಮಾಡುವ ಮುನ್ನ, ಅವರು ಬಿಟ್ಟುಹೋಗುವ ಮುದುಕರನ್ನೂ ಶಾಲೆಯ ಮಕ್ಕಳನ್ನೂ ಯಾರು ನೋಡಿಕೊಳ್ಳುವರೆಂದು ಧರ್ಮಕೇಂದ್ರವು ಕೇಳಿಕೊಳ್ಳಬೇಕು.

ಸುತ್ತುಹಾದಿಯನ್ನು ನಡೆದು ನೋಡಲು ಫ್ರಾನ್ಸಿಗೆ ಹೋಗಬೇಕಿಲ್ಲ. ಬೋರಾಮಣಿಯ ರಚನೆಯ ಮೇಲೆ ಗುಂಪಾಗಿ ನಡೆದು ಅದನ್ನು ಕೆಡಿಸುವುದೂ ಬೇಡ. ದೇವಾಲಯದ ಅಂಗಳದಲ್ಲಿ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲ ಜಾಗವಿದ್ದರೆ ಸಾಕು. ಏಳು ಸುತ್ತಿನ ಹಾದಿಯನ್ನು ಬರೆಯುವ ಕ್ರಮ ಬಲು ಹಳೆಯದು: ಮೊದಲು ಒಂದು ಶಿಲುಬೆ, ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಮೊಳಕೈ ಗೆರೆ, ಅವುಗಳಾಚೆ ನಾಲ್ಕು ಚುಕ್ಕಿ. ಶಿಲುಬೆಯ ತಲೆಯಿಂದ ಆರಂಭಿಸಿ, ಎಡದ ತುದಿಯನ್ನು ಬಲದ ತುದಿಗೆ ಒಂದೊಂದಾಗಿ ಕಮಾನಿನಂತೆ ಕೂಡಿಸುತ್ತ ಹೋಗಬೇಕು, ಒಟ್ಟು ಎಂಟು ಕಮಾನು. ದಿನವೂ ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುವ ತಾಯಂದಿರು ಒಮ್ಮೆ ನೋಡಿದರೆ ಕಲಿಯುತ್ತಾರೆ. ಗುರುಗಳಿಗೆ ಎರಡು ದಿನ ಬೇಕಾದೀತು. ರಂಗೋಲಿಯ ಪುಡಿಯಿಂದ ಬರೆದು ನೋಡಿ, ಸರಿಬಂದ ಮೇಲೆ ಹೊಲದ ಕಲ್ಲುಗಳನ್ನು ಗೆರೆಯುದ್ದಕ್ಕೂ ಇಡಿ. ತಪಸ್ಸುಕಾಲದ ಸಂಜೆ ಒಬ್ಬೊಬ್ಬರಾಗಿ, ಬರಿಗಾಲಿನಲ್ಲಿ, ಮಾತಿಲ್ಲದೆ ನಡೆಯಿರಿ. ಎದುರಿಗೆ ಹಿಂದಿರುಗುತ್ತಿರುವವರು ಸಿಕ್ಕರೆ ದಾರಿ ಬಿಡಿ. ಕಲ್ಲುಗಳು ಮಾತ್ರ ಪಾದದ ಹರಡಿಗಿಂತ ಎತ್ತರವಿರದಿರಲಿ. ಮೊದಲ ದಿನವೇ ಮಕ್ಕಳು ಅವನ್ನು ಹಾರಿ ಹಾರಿ ನೇರ ನಡುವಿಗೆ ಓಡಿ ನಿಂತು ನಗುತ್ತಾರೆ, ಅವರನ್ನು ಗದರಿಸಬೇಡಿ.